ಎಡಗಡೆಯ ಸೀಟಿನಲ್ಲಿ ಗೆಳತಿ: ಕಲಬುರಗಿಯಲ್ಲಿ ಕಾರು ಕಲಿಯುವವರಿಗೆ

ಐದನೆಯ ದಿನ ಬೆಳಿಗ್ಗೆ ಏಳರ ಹೊತ್ತಿಗೆ, ಬಡಾವಣೆಯ ರಸ್ತೆ ಕಲಬುರಗಿಯ ರಿಂಗ್ ರಸ್ತೆಗೆ ಸೇರುವ ಬಾಯಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದೆ. ಮೊದಲನೆಯ ಗೇರಿನಲ್ಲಿದ್ದೆ. ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿತ್ತು, ಬಲಗಾಲು ಬ್ರೇಕಿನ ಮೇಲಿತ್ತು. ಬಲಗಡೆಯಿಂದ ಒಂದು ಬಸ್ಸು ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಕ್ಕ "ಬಿಡು, ಬಿಡು" ಎಂದರು. ಬಸ್ಸು ಮೊದಲು ಹೋಗಲಿ, ಅದಕ್ಕೆ ದಾರಿ ಬಿಡು ಎಂಬುದು ಅವರ ಅರ್ಥ. ಆದರೆ ನಾಲ್ಕು ದಿನದಿಂದ ಅವರ ಬಾಯಲ್ಲಿ "ಬಿಡು" ಎಂದರೆ "ಕ್ಲಚ್ ಬಿಡು" ಎಂದೇ ಕೇಳುತ್ತ ಬಂದಿದ್ದ ನನ್ನ ಕಾಲುಗಳು ಎರಡೂ ಒಟ್ಟಿಗೇ ಎದ್ದವು. ಕಾರು ಜಿಗಿದು ರಿಂಗ್ ರಸ್ತೆಯ ಡಾಂಬರಿನ ಮೇಲೆ ಎರಡು ಮಾರು ಮುಂದೆ ಹೋಯಿತು. ಅಕ್ಕ ಹ್ಯಾಂಡ್ ಬ್ರೇಕ್ ಎಳೆದರು. ಎಂಜಿನ್ ಬಂದ್ ಆಯಿತು. ಬಸ್ಸು ಹಾರ್ನ್ ಬಾರಿಸುತ್ತ ನಮ್ಮ ಮೂತಿಯನ್ನು ಬಳಸಿಕೊಂಡು ಹೋಯಿತು.

ಅಂದು ಇಬ್ಬರೂ ಕಾರನ್ನು ಹಿಂದಕ್ಕೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಬಹಳ ಹೊತ್ತು ಕೂತೆವು. ತಪ್ಪು ನನ್ನ ಕಾಲಿನದ್ದೂ ಅಲ್ಲ, ಅಕ್ಕನ ತಿಳಿವಳಿಕೆಯದ್ದೂ ಅಲ್ಲ, ನಮ್ಮಿಬ್ಬರ ನಡುವಿನ ಮಾತಿನದ್ದು ಎಂಬುದು ಅಲ್ಲಿ ಹೊಳೆಯಿತು. ಆಮೇಲೆ ನಾನು ಲೈಸೆನ್ಸ್ ಪಡೆದೆ. ಚಿಕ್ಕಮ್ಮನ ಮಗಳಿಗೂ ಪಕ್ಕದ ಮನೆಯ ವೈನಿಗೂ ಎಡಗಡೆ ಕೂತು ಕಲಿಸಿದೆ. ಈ ಬರಹ ಕಲಿಯುವವರಿಗೆ ಎಷ್ಟೋ, ಪಕ್ಕದಲ್ಲಿ ಕೂರಲು ಒಪ್ಪಿಕೊಂಡವರಿಗೂ ಅಷ್ಟೇ.

ನಾನು ಶಾಲಾ ಶಿಕ್ಷಕಿ. ಊರಿನಿಂದ 24 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನನ್ನ ಶಾಲೆ. ಕಾರು ಕಲಿತಾಗ ನನಗೆ 37 ವರ್ಷ. ಅಕ್ಕ ಎಂದು ಕರೆಯುವುದು ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ಗೆಳತಿಯನ್ನು. ಅವರು ಹನ್ನೆರಡು ವರ್ಷದಿಂದ ಕಾರು ನಡೆಸುತ್ತಿದ್ದವರು.

ಮೊದಲು ಕಾಗದದ ಕೆಲಸ. ಲೈಸೆನ್ಸಿಗೆಂದು ಸರ್ಕಾರ ನಡೆಸುವ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ಪರೀಕ್ಷೆ ಕಟ್ಟಿ, ಕಲಿಕಾ ಲೈಸೆನ್ಸ್ ಕೈಗೆ ಬರುವ ತನಕ ಖಾಲಿ ಬಡಾವಣೆಯ ರಸ್ತೆಯಲ್ಲಿಯೂ ಚಾಲಕರ ಸೀಟಿಗೆ ಕೂರಬೇಡಿ. ಮನೆ ಇಲ್ಲದ ಕಡೆ ಇದ್ದರೂ ರಸ್ತೆ ರಸ್ತೆಯೇ. ಕಾರು ಕಲಿಯುವವರಿಗೆ 18 ವರ್ಷ ತುಂಬಿರಬೇಕು. 40 ದಾಟಿದವರು ವೈದ್ಯರ ಸಹಿ ಇರುವ ನಮೂನೆ 1-ಎ ಕೂಡ ಕೊಡಬೇಕು. ವೈನಿಗೆ ಇದು ಗೊತ್ತಿಲ್ಲದೆ ಒಂದು ವಾರ ಹೋಯಿತು. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕು 30 ದಿನ ಆಗದೆ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ಆ 30 ದಿನವನ್ನು ಕಾಯುವ ದಿನಗಳೆಂದು ಎಣಿಸದೆ ಅಭ್ಯಾಸದ ದಿನಗಳೆಂದೇ ಎಣಿಸಿ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 3ನೆಯ ನಿಯಮವನ್ನು ಒಮ್ಮೆ ಇಬ್ಬರೂ ಕೂತು ಓದಬೇಕು. ಕಲಿಯುವವರ ಜೊತೆ ಆ ವಾಹನ ನಡೆಸುವ ಲೈಸೆನ್ಸ್ ಇರುವವರು ಇರಬೇಕು, ಮತ್ತು ಅವರು ವಾಹನವನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಜಾಗದಲ್ಲಿ ಕೂತಿರಬೇಕು ಎನ್ನುತ್ತದೆ ಅದು. ಅಂದರೆ ಗೆಳತಿ ಹಿಂದಿನ ಸೀಟಿನಲ್ಲಿ ಕೂತು ಹೇಳಿಕೊಡುವುದು ನಡೆಯುವುದಿಲ್ಲ. ಸ್ಕೂಟಿಯ ಲೈಸೆನ್ಸ್ ಮಾತ್ರ ಇದ್ದವರು ಬರುವಂತಿಲ್ಲ. ತಾವೂ ಇನ್ನೂ ಕಲಿಕಾ ಲೈಸೆನ್ಸಿನಲ್ಲಿರುವವರಂತೂ ಬರುವಂತಿಲ್ಲ. ಇದು ಬರೀ ದಂಡದ ಮಾತಲ್ಲ. ಖಾಸಗಿ ಕಾರಿನ ವಿಮಾ ಪತ್ರ ತೆಗೆದು ಚಾಲಕರ ಷರತ್ತು ಎಂಬ ಭಾಗ ನೋಡಿ. ಕಲಿಕಾ ಲೈಸೆನ್ಸ್ ಇದ್ದವರೂ ನಡೆಸಬಹುದು, ಆದರೆ 3ನೆಯ ನಿಯಮ ಪಾಲಿಸಿರಬೇಕು ಎಂದು ಅಲ್ಲಿ ಬರೆದಿರುತ್ತದೆ. ಗೆಳತಿ ಎಡಗಡೆ ಇಲ್ಲದಿದ್ದರೆ ವಿಮೆಯ ಪರಿಹಾರವೂ ಕೈತಪ್ಪಬಹುದು.

ಎಲ್ ಬೋರ್ಡ್ ಕಾರಿನ ಮುಂದೆಯೂ ಬೇಕು, ಹಿಂದೆಯೂ ಬೇಕು. ಬಿಳಿ ನೆಲದ ಮೇಲೆ ಕೆಂಪು ಅಕ್ಷರ. ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಾಗಿರಬಾರದು, ಅಕ್ಷರ ಕನಿಷ್ಠ 10 ಸೆಂಟಿಮೀಟರ್ ಎತ್ತರ, ಬುಡದಲ್ಲಿ 9 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪ ಇರಬೇಕು. ಕೆಂಪು ನೆಲದ ಮೇಲೆ ಬಿಳಿ ಅಕ್ಷರ ಬರೆದ ಚೀಟಿ ಸಿಕ್ಕಿದರೆ ಕೊಳ್ಳಬೇಡಿ. ನಾನು ಶಾಲೆಯ ಡ್ರಾಯಿಂಗ್ ಹಾಳೆಯಲ್ಲಿ ಅಳತೆ ಹಾಕಿ ಬರೆದು, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದೆ. ಆ ಕೆಂಪು ಅಕ್ಷರ ಕಂಡರೆ ನಮ್ಮೂರಿನ ಆಟೋದವರು ಕೂಡ ಒಂದು ಗಜ ಹೆಚ್ಚು ಜಾಗ ಬಿಡುತ್ತಾರೆ. ನಾಚಿಕೆಯಿಂದ ಅದನ್ನು ಕಿತ್ತು ಡಿಕ್ಕಿಯಲ್ಲಿ ಇಡುವವರನ್ನು ನೋಡಿದ್ದೇನೆ, ನನಗೆ ಅದು ಅರ್ಥವಾಗುವುದಿಲ್ಲ.

ಕಾರು ಯಾವುದು ಎಂಬುದೂ ಮುಖ್ಯ. ಎರಡು ಸೀಟುಗಳ ನಡುವೆ ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ಇರುವ ಕಾರಿನಲ್ಲೇ ಕಲಿಯಿರಿ. ಈಗಿನ ಕೆಲವು ಹೊಸ ಕಾರುಗಳಲ್ಲಿ ಅದರ ಬದಲು ಒಂದು ಗುಂಡಿ ಇರುತ್ತದೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕ್ ಇರುತ್ತದೆ, ನಮ್ಮ ಕಾರಿನಲ್ಲಿ ಇರುವುದಿಲ್ಲ. ಗೆಳತಿಯ ಕೈಗೆ ಸಿಗುವುದು ಆ ಹ್ಯಾಂಡ್ ಬ್ರೇಕ್ ಒಂದೇ. ಅದನ್ನು ಎಳೆದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಗೆಳತಿ ಹೇಳಿಯೇ ಎರಡು ಮೂರು ಸಲ ಎಳೆದು ತೋರಿಸಲಿ. ಹೆಬ್ಬೆರಳಿನಿಂದ ತುದಿಯ ಗುಂಡಿ ಒತ್ತಿ ಹಿಡಿದುಕೊಂಡೇ ಎಳೆಯಬೇಕು, ಆಗ ಬೇಕಾದಷ್ಟು ಬಿಗಿ ಮಾಡಬಹುದು, ಬೇಕೆಂದಾಗ ಸಡಿಲ ಬಿಡಬಹುದು. ಚಿಕ್ಕ ಕಾರುಗಳಲ್ಲಿ ಇದು ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ವೇಗದಲ್ಲಿದ್ದಾಗ ಒಮ್ಮೆಲೇ ಜಗ್ಗಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಗೆಳತಿ ಯಾವ ಕಾರಣಕ್ಕೂ ಕೀ ತಿರುಗಿಸಿ ಎಂಜಿನ್ ಬಂದ್ ಮಾಡಬಾರದು, ಸ್ಟೇರಿಂಗ್ ಭಾರವಾಗಿಬಿಡುತ್ತದೆ, ಕೀ ಹೊರಗೆ ಬಂದರೆ ಸ್ಟೇರಿಂಗ್ ಬೀಗ ಬೀಳುತ್ತದೆ. ಸ್ಟೇರಿಂಗಿಗೆ ಕೈ ಹಾಕಿ ಜಗ್ಗುವುದೂ ಬೇಡ. ಒಂದೇ ಚಕ್ರವನ್ನು ಇಬ್ಬರು ಎರಡು ಕಡೆಗೆ ಎಳೆದರೆ ಕಾರು ಇಬ್ಬರ ಮಾತನ್ನೂ ಕೇಳುವುದಿಲ್ಲ.

ಗೆಳತಿಗೆ ಒಂದು ಕನ್ನಡಿಯೂ ಬೇಕು. ಕಾರಿನ ಒಳಗನ್ನಡಿ ನಡೆಸುವವರಿಗೆ ಹೊಂದಿಸಿರುತ್ತದೆ, ಎಡಗಡೆ ಕೂತವರಿಗೆ ಹಿಂದೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಗಾಜಿಗೆ ಅಂಟಿಸುವ ಚಿಕ್ಕ ಕನ್ನಡಿ ಕಾರಿನ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತಂದು ಗೆಳತಿಯ ಕಣ್ಣಿಗೆ ಸರಿಯಾಗಿ ಹೊಂದಿಸಿ.

ಇನ್ನು ಮಾತಿನ ವಿಷಯ. ಬೇವಿನ ಮರದ ಕೆಳಗೆ ಕೂತಾಗ ನಾವು ಮಾಡಿದ ಕೆಲಸ ಇದು: ಹಾಜರಿ ಪುಸ್ತಕದ ನಡುವೆ ಇದ್ದ ಒಂದು ಖಾಲಿ ಹಾಳೆ ತೆಗೆದು ಬೇಡವಾದ ಮಾತುಗಳನ್ನೆಲ್ಲ ಬರೆದೆವು. ಮೊದಲನೆಯದು "ಬಿಡು". ಗಾಡಿ ಬಿಡು, ಕ್ಲಚ್ ಬಿಡು, ಬ್ರೇಕ್ ಬಿಡು, ಅವನಿಗೆ ದಾರಿ ಬಿಡು, ಹೋಗಲಿ ಬಿಡು: ಒಂದೇ ಮಾತು ಹೊರಡು ಎಂದೂ ಹೇಳುತ್ತದೆ, ನಿಲ್ಲು ಎಂದೂ ಹೇಳುತ್ತದೆ. ಎರಡನೆಯದು "ಹೊಡೆ". ನಮ್ಮ ಕಡೆ ಗಾಡಿಯನ್ನೂ ಹೊಡೆಯುತ್ತೇವೆ, ಬ್ರೇಕನ್ನೂ ಹೊಡೆಯುತ್ತೇವೆ, ಹಾರ್ನನ್ನೂ ಹೊಡೆಯುತ್ತೇವೆ. ಮೂರನೆಯದು "ಒತ್ತು". ಕಾಲ ಕೆಳಗೆ ಒತ್ತುವ ಮೂರು ಪೆಡಲ್ ಇರುವಾಗ ಬರೀ ಒತ್ತು ಎಂದರೆ ಹೆದರಿದ ಕಾಲು ತನಗೆ ಹತ್ತಿರವಿದ್ದದ್ದನ್ನು ಒತ್ತುತ್ತದೆ. ಆಮೇಲೆ "ನೋಡು ನೋಡು" ಮತ್ತು "ಅಯ್ಯೋ". ಎಲ್ಲಿ ನೋಡಬೇಕು, ಏನು ಮಾಡಬೇಕು ಎಂದು ಇವು ಹೇಳುವುದೇ ಇಲ್ಲ, ಗಾಬರಿಯನ್ನು ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತವೆ.

ಉಳಿಸಿಕೊಂಡ ಮಾತುಗಳು ಕಡಿಮೆ. "ನಿಲ್ಲಿಸು" ಎಂದರೆ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ತಳದ ತನಕ ಒತ್ತಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಈ ಮಾತನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಚಹಾದ ಅಂಗಡಿಯ ಮುಂದೆ ನಿಲ್ಲಬೇಕಾದರೆ "ಅಲ್ಲಿ ಬದಿಗೆ ತೆಗೆದುಕೊಳ್ಳೋಣ" ಎನ್ನಬೇಕು. "ನಿಧಾನ" ಎಂದರೆ ಬಲಗಾಲು ಆಕ್ಸಿಲರೇಟರಿನಿಂದ ಎದ್ದು ಬ್ರೇಕಿನ ಮೇಲೆ ಬರಬೇಕು, ಅಷ್ಟೇ. "ತಾಳು" ಎಂದರೆ ನಿಂತಲ್ಲೇ ಇರು. "ಕ್ಲಚ್ ಬಿಡು" ಎಂಬುದು "ಕ್ಲಚ್ ಮೇಲಕ್ಕೆ" ಎಂದಾಯಿತು. ಎಡ ಬಲ ಎಂಬುದೂ ಗಾಬರಿಯಲ್ಲಿ ಅದಲುಬದಲಾಗುತ್ತದೆ. ಅದಕ್ಕೆ ನಾವು "ನಿನ್ನ ಬಾಜು", "ನನ್ನ ಬಾಜು" ಎಂದು ಹೇಳತೊಡಗಿದೆವು. ನಡೆಸುವವರು ಯಾವಾಗಲೂ ಬಲಕ್ಕೆ, ಕಲಿಸುವವರು ಎಡಕ್ಕೆ ಕೂತಿರುತ್ತಾರೆ, ಇದರಲ್ಲಿ ತಪ್ಪಲು ದಾರಿಯೇ ಇಲ್ಲ.

ಹೊರಡುವ ಮಾತು ಮಾತ್ರ ಗೆಳತಿಯದ್ದಲ್ಲ. "ಖಾಲಿ ಇದೆ, ಹೋಗು" ಎಂದು ಎಡಗಡೆಯವರು ಹೇಳಬಾರದು. ಕಲಿಯುವವರೇ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ "ಹೋಗುತ್ತೇನೆ" ಎನ್ನಬೇಕು. ಗೆಳತಿಗೆ ಒಪ್ಪಿಗೆಯಾಗದಿದ್ದರೆ "ತಾಳು" ಎನ್ನಲಿ. ಬೇರೆಯವರ ಕಣ್ಣಿನಿಂದ ರಸ್ತೆಗೆ ಇಳಿದು ರೂಢಿಯಾದವರು ಒಬ್ಬರೇ ಆದ ದಿನ ನೋಡುವುದನ್ನೇ ಮರೆಯುತ್ತಾರೆ.

ಹೇಳುವ ಹೊತ್ತನ್ನೂ ಅರಿಯಬೇಕು. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು. "ಮುಂದೆ ಆ ಕಿರಾಣಿ ಅಂಗಡಿ ದಾಟಿದ ಮೇಲೆ ನನ್ನ ಬಾಜು ತಿರುಗಬೇಕು" ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾರು 30 ಮೀಟರ್ ಹೋಗಿರುತ್ತದೆ. ಆಮೇಲೆ ಕನ್ನಡಿ ನೋಡಬೇಕು, ಇಂಡಿಕೇಟರ್ ಹಾಕಬೇಕು, ವೇಗ ಇಳಿಸಬೇಕು, ಗೇರ್ ಬದಲಿಸಬೇಕು. ಹೀಗಾಗಿ ತಿರುವಿಗೆ ನೂರು ಮೀಟರ್ ಇರುವಾಗಲೇ ಮಾತು ಶುರುವಾಗಬೇಕು. ತಡವಾಗಿ ನೆನಪಾದರೆ ಸುಮ್ಮನಿರಿ. ಆ ತಿರುವು ತಪ್ಪಿದರೆ ಮುಂದಿನದು ಇದೆ.

ಮೊದಲ ದಿನ ಕಾರು ಚಾಲೂ ಮಾಡುವ ಮುಂಚೆ ಕೂರುವುದನ್ನು ಸರಿ ಮಾಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಹಿಂದಕ್ಕೆ ಒರಗಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಗೆ ತಾಗಬೇಕು. ಎತ್ತರ ಸಾಲದವರು ಗಟ್ಟಿಯಾದ ದಿಂಬು ಹಾಕಿಕೊಳ್ಳಿ. ಸೀರೆ ಉಟ್ಟವರು ನೆರಿಗೆಯನ್ನು ತುಸು ಮೇಲಕ್ಕೆತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ದುಪಟ್ಟಾ ಇದ್ದರೆ ಗಂಟು ಹಾಕಿ ಹಿಂದೆ ಬಿಡಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ, ಅದು ಜಾರಿ ಬ್ರೇಕಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ನೀರಿನ ಬಾಟಲಿ ಕಾಲ ಬಳಿ ಇಡಬಾರದು, ಉರುಳಿಕೊಂಡು ಪೆಡಲಿನ ಹಿಂದೆ ಸೇರುತ್ತದೆ. ಇಬ್ಬರೂ ಬೆಲ್ಟ್ ಹಾಕಿಕೊಳ್ಳಿ. ಹಿಂದಿನ ಸೀಟಿನಲ್ಲಿ ಯಾರೂ ಇರಬಾರದು. ಮಕ್ಕಳು, ಗಂಡ, ಅತ್ತೆ, ಯಾರೇ ಆಗಲಿ, ಹಿಂದಿನಿಂದ ಬರುವ ಇನ್ನೊಂದು ದನಿ ಎಡಗಡೆಯ ದನಿಯನ್ನು ಮುಚ್ಚಿಬಿಡುತ್ತದೆ.

ಆಮೇಲೆ ಒಂದೇ ಪಾಠ: ಹಾಫ್ ಕ್ಲಚ್. ಸಮತಟ್ಟಾದ ಜಾಗದಲ್ಲಿ ಮೊದಲನೆಯ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಎಡ ಹಿಮ್ಮಡಿಯನ್ನು ನೆಲಕ್ಕೆ ಊರಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲಕ್ಕೆ ತನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ದನಿ ತಗ್ಗುತ್ತದೆ, ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ, ಕಾರಿನ ಮೂತಿ ಇನ್ನೇನು ಎದ್ದಿತು ಎನಿಸುತ್ತದೆ. ಅಕ್ಕ ನನಗೆ ಅದನ್ನು ತಿಳಿಸಿದ್ದು ಸೇದುವ ಬಾವಿಯ ಮಾತಿನಲ್ಲಿ. ಕೊಡ ನೀರಿನಲ್ಲಿ ಮುಳುಗಿ ತುಂಬಿದ ಮೇಲೆ, ಎಳೆಯಲು ಶುರು ಮಾಡಿದಾಗ, ಸಡಿಲವಾಗಿದ್ದ ಹಗ್ಗ ಅಂಗೈಯಲ್ಲಿ ಬಿಗಿಯುವ ಒಂದು ಕ್ಷಣ ಇದೆಯಲ್ಲ, ಕೊಡ ಇನ್ನೂ ಮೇಲೆದ್ದಿಲ್ಲ, ಆದರೆ ಅದರ ಭಾರ ಕೈಗೆ ಗೊತ್ತಾಗಿದೆ, ಅದೇ ಇದು. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗಿ ನೀರು ಸೇದಿದ್ದ ನನಗೆ ತಟ್ಟನೆ ತಿಳಿಯಿತು. ಮುಂದೆ ಅವರು "ಹಗ್ಗ ಬಿಗಿಯಿತೇ?" ಎಂದಷ್ಟೇ ಕೇಳುತ್ತಿದ್ದರು. ಬಿಗಿದ ಕಡೆ ಮೂರು ಎಣಿಸುವ ತನಕ ಕಾಲನ್ನು ಹಿಡಿದಿಡಿ, ಮತ್ತೆ ಒತ್ತಿ. ಹೀಗೆ ಇಪ್ಪತ್ತು ಸಲ. ಬೇಜಾರಾಗುವ ತನಕ ಮಾಡಿ. ನಾನು ಕಲಿಸಿದ ಇಬ್ಬರಲ್ಲಿ ಇದನ್ನು ಎರಡು ದಿನ ಮಾಡಿದ ವೈನಿ ಆಮೇಲೆ ರಸ್ತೆಯಲ್ಲಿ ಗಾಡಿ ಬಂದ್ ಬೀಳಿಸಿದ್ದು ಬೆರಳೆಣಿಕೆಯಷ್ಟು. ಅರ್ಧ ಗಂಟೆಯಲ್ಲಿ ಸಾಕು ಎಂದ ತಂಗಿ ಒಂದು ತಿಂಗಳು ಅದರ ಜೊತೆ ಗುದ್ದಾಡಿದಳು.

ಬಲಗಾಲಿಗೆ ಒಂದೇ ನಿಯಮ: ಆಕ್ಸಿಲರೇಟರ್ ಬೇಡವಾದಾಗಲೆಲ್ಲ ಪಾದ ಬ್ರೇಕಿನ ಮೇಲೆ ಬಂದು ಕೂರಬೇಕು. ಹಿಮ್ಮಡಿ ಬ್ರೇಕಿನ ನೇರಕ್ಕೆ ನೆಲದ ಮೇಲೆ ಇರಲಿ, ಪಾದ ಮಾತ್ರ ಬಲಕ್ಕೆ ತಿರುಗಿ ಆಕ್ಸಿಲರೇಟರ್ ಮುಟ್ಟಲಿ. ಗಾಬರಿಯಲ್ಲಿ ಕಾಲು ತಾನಿದ್ದಲ್ಲೇ ಒತ್ತುತ್ತದೆ. ಬ್ರೇಕಿನ ಮೇಲಿದ್ದರೆ ಬದುಕಿದಿರಿ. ಗೆಳತಿ ಮೊದಲ ವಾರ ರಸ್ತೆಯ ಜೊತೆಗೆ ಈ ಬಲಗಾಲನ್ನೂ ನೋಡುತ್ತಿರಬೇಕು.

ಎಲ್ಲಿ ಕಲಿಯುವುದು? ರಿಂಗ್ ರಸ್ತೆಯ ಆಚೆ ರಸ್ತೆ ಹಾಕಿ, ಕಲ್ಲು ನೆಟ್ಟು, ಮನೆ ಏಳದೆ ಉಳಿದ ಬಡಾವಣೆಗಳು ಬೇಕಾದಷ್ಟು ಇವೆ. ಒಂದು ಎಚ್ಚರಿಕೆ: ನಮ್ಮದು ಎರೆ ಭೂಮಿ. ಮಳೆ ಬಿದ್ದ ಮೇಲೆ ಡಾಂಬರಿನ ಅಂಚಿನಿಂದ ಒಂದು ಗಾಲಿ ಇಳಿದರೂ ಸಾಕು, ಮಣ್ಣು ಅಂಟಿನಂತೆ ಹಿಡಿದುಕೊಳ್ಳುತ್ತದೆ, ಆಕ್ಸಿಲರೇಟರ್ ಕೊಟ್ಟಷ್ಟೂ ಒಳಗೆ ಇಳಿಯುತ್ತದೆ. ತಂಗಿಗೆ ಕಲಿಸುವಾಗ ಜುಲೈ ತಿಂಗಳ ಒಂದು ಮುಂಜಾನೆ ಹಾಗೆ ಸಿಕ್ಕಿಕೊಂಡು, ಜೋಳದ ದಂಟು ತಂದು ಗಾಲಿಯ ಕೆಳಗೆ ಹಾಕಿ, ಮೂವರು ರೈತರು ನೂಕಿದ ಮೇಲೆ ಹೊರಗೆ ಬಂದೆವು. ಬೇಸಿಗೆಯಲ್ಲಿ ಅದೇ ಎರೆ ಬಾಯಿ ಬಿಟ್ಟು ಡಾಂಬರಿನ ಅಂಚು ಕುಸಿದಿರುತ್ತದೆ. ಮೇ ತಿಂಗಳಲ್ಲಿ ಬೆಳಿಗ್ಗೆ ಆರರಿಂದ ಎಂಟು, ಅದರಾಚೆ ಬೇಡ. 42 ಡಿಗ್ರಿ ಬಿಸಿಲಿನಲ್ಲಿ ಸ್ಟೇರಿಂಗ್ ಮುಟ್ಟಲಾಗದ ಕೈಗೆ ಕಲಿಯುವ ತಾಳ್ಮೆ ಎಲ್ಲಿಂದ ಬರಬೇಕು?

ಒಂದು ಸಲಕ್ಕೆ ನಲವತ್ತೈದು ನಿಮಿಷ ಸಾಕು. ಮೊದಲ ವಾರ ಬಡಾವಣೆಯಲ್ಲಿ ಒಂದನೆಯ ಮತ್ತು ಎರಡನೆಯ ಗೇರ್, ತಿರುವು, ನಿಲ್ಲಿಸುವುದು, ರಿವರ್ಸ್. ರಿವರ್ಸ್ ತೆಗೆಯುವಾಗ ಕನ್ನಡಿಯ ಜೊತೆಗೆ ತಲೆ ತಿರುಗಿಸಿ ಹಿಂದಿನ ಗಾಜಿನಲ್ಲಿಯೂ ನೋಡಬೇಕು, ಕಾರು ನಡಿಗೆಗಿಂತ ನಿಧಾನ ಇರಬೇಕು. ಎರಡನೆಯ ವಾರ ಭಾನುವಾರ ಮುಂಜಾನೆಯ ರಿಂಗ್ ರಸ್ತೆ. ಮೂರನೆಯ ವಾರ ಊರೊಳಗೆ.

ಊರೊಳಗೆ ಹೋಗುವ ದಿನವನ್ನು ನೋಡಿ ಆರಿಸಿ. ಶ್ರಾವಣ ಸೋಮವಾರ ಶರಣಬಸವೇಶ್ವರ ಗುಡಿಯ ಕಡೆ, ಗುರುವಾರ ಸಂಜೆ ಬಂದೇ ನವಾಜ್ ದರ್ಗಾದ ಕಡೆ ಎಲ್ ಬೋರ್ಡ್ ಕಾರು ತರಬೇಡಿ. ಹೋಳಿ ಆದ ಮೇಲೆ ಬರುವ ಜಾತ್ರೆಯ ದಿನಗಳಲ್ಲಂತೂ ನಡೆದೇ ಹೋಗುವುದು ಮೇಲು. ಸೂಪರ್ ಮಾರ್ಕೆಟ್, ಜಗತ್ ವೃತ್ತ ಇವನ್ನೆಲ್ಲ ಮೊದಲು ಮುಂಜಾನೆ ಅಂಗಡಿ ತೆರೆಯುವ ಮುಂಚೆ ಸುತ್ತಬೇಕು. ವೃತ್ತದಲ್ಲಿ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು ಎಂದು 2017ರ ಚಾಲನಾ ನಿಯಮಗಳಲ್ಲಿದೆ. ನಮ್ಮೂರಿನಲ್ಲಿ ಅದನ್ನು ಎಲ್ಲರೂ ಪಾಲಿಸುವುದಿಲ್ಲ, ನೀವು ಪಾಲಿಸಿ, ಬೇರೆಯವರು ಪಾಲಿಸುತ್ತಾರೆ ಎಂದು ಮಾತ್ರ ನಂಬಬೇಡಿ.

ಊರೊಳಗಿನ ಅಭ್ಯಾಸದಲ್ಲಿ ಅಕ್ಕ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಅವರು ಸುಮ್ಮನೆ ಕೂತು ನನ್ನನ್ನೇ ಮಾತಾಡಿಸಿದರು. ಕಣ್ಣಿಗೆ ಬಿದ್ದದ್ದನ್ನೆಲ್ಲ ನಾನು ಬಾಯಿಬಿಟ್ಟು ಹೇಳುತ್ತ ಹೋಗಬೇಕು: "ನಿಮ್ಮ ಬಾಜು ಟಂಟಂ ನಿಂತಿದೆ, ಜನ ಇಳಿಯುತ್ತಿದ್ದಾರೆ. ಮುಂದೆ ಸೈಕಲ್ ಹುಡುಗ. ಎದುರಿಗೆ ಕ್ರೂಸರ್ ಬರುತ್ತಿದೆ, ಹಿಂದಿನ ಏಣಿಗೆ ಜನ ಜೋತುಬಿದ್ದಿದ್ದಾರೆ. ಎಮ್ಮೆ ಮಲಗಿದೆ. ಕನ್ನಡಿಯಲ್ಲಿ ಒಂದು ಬೈಕ್." ಹೀಗೆ ಹೇಳುವಾಗ ನಾನು ಏನನ್ನು ನೋಡಿದ್ದೇನೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ನಾನು ಹೇಳದೆ ಬಿಟ್ಟದ್ದು ಯಾವುದೋ ಅದನ್ನು ಮಾತ್ರ ಅವರು ಹೇಳುತ್ತಿದ್ದರು. "ಟಂಟಂನ ಆಚೆ ಎರಡು ಕಾಲು ಕಾಣಿಸುತ್ತಿವೆ" ಎಂದರು ಒಂದು ದಿನ. ನಿಂತ ಗಾಡಿಯ ಅಡಿಯ ಸಂದಿನಲ್ಲಿ ಒಂದು ಜೊತೆ ಪುಟ್ಟ ಚಪ್ಪಲಿ, ಪಕ್ಕದಲ್ಲಿ ಸ್ಟೀಲ್ ತಂಬಿಗೆಯ ತಳ. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ತಂಬಿಗೆ ಹಿಡಿದ ಹುಡುಗಿ ರಸ್ತೆಗೆ ಇಳಿದಳು, ನಮ್ಮನ್ನು ನೋಡಿ ನಿಂತಳು, ದಾಟಿದಳು. ಅಂದಿನಿಂದ ನಿಂತ ವಾಹನದ ಗಾಲಿಗಳ ನಡುವೆ ನೋಡದೆ ನಾನು ಮುಂದೆ ಹೋಗುವುದಿಲ್ಲ.

ನಡುರಸ್ತೆಯಲ್ಲಿ ಎಂಜಿನ್ ಬಂದ್ ಬಿದ್ದಾಗ ಹಿಂದಿನಿಂದ ಹಾರ್ನುಗಳು ಏಳುತ್ತವೆ. ಆಗ ಗೆಳತಿ ಹೇಳಬೇಕಾದದ್ದು ಮೂರೇ ಮಾತು: "ಬ್ರೇಕ್. ಕ್ಲಚ್. ಕೀ." ಅಪಾಯದ ದೀಪದ ಗುಂಡಿಯನ್ನು ಗೆಳತಿಯೇ ಒತ್ತಲಿ. ಹಿಂದಿನವರಿಗೆ ಕೈ ಸನ್ನೆ ಮಾಡುವುದು, ಅವರ ಮೇಲೆ ರೇಗುವುದು ಯಾವುದೂ ಬೇಡ, ಗೆಳತಿಯ ದನಿ ಏರಿದರೆ ಕಲಿಯುವವರ ಕಾಲು ನಡುಗುತ್ತದೆ.

ಏರಿನಲ್ಲಿ ಗಾಡಿ ಎತ್ತುವುದನ್ನು ಕಲಿಯಲು ನಮ್ಮ ಸಪಾಟು ಊರಿನಲ್ಲಿ ಜಾಗ ಹುಡುಕಬೇಕು. ಮೇಲ್ಸೇತುವೆಯ ಮೇಲೆ ಕಲಿಯಲು ಹೋಗಬೇಡಿ, ಹಿಂದೆ ವಾಹನ ಇರುತ್ತವೆ. ಅಕ್ಕನ ಮನೆಯ ಮುಂದೆ ಗಟಾರದ ಮೇಲೆ ಶಹಾಬಾದ್ ಕಲ್ಲಿನ ಫರಸಿ ಹಾಸಿದ ಇಳಿಜಾರು ಇದೆ, ಗೇಟಿನ ಒಳಗೆ ಕಾರು ಹೋಗಲು. ಸವೆದು ನುಣುಪಾದ ಕಲ್ಲು, ಕಡಿದಾದ ಏರು. ಗೇಟು ಪೂರ್ತಿ ತೆರೆದಿಟ್ಟು, ಅಂಗಳದಲ್ಲಿ ಯಾರೂ ಇಲ್ಲದಂತೆ ನೋಡಿಕೊಂಡು, ನಡುವೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಮೊದಲನೆಯ ಗೇರ್. ಕ್ಲಚ್ ಮೇಲಕ್ಕೆ ಬರಲಿ, ಹಗ್ಗ ಬಿಗಿಯಲಿ, ಕಾರಿನ ಹಿಂಭಾಗ ತುಸು ಕುಕ್ಕರಿಸಿದಂತೆ ಆಗುತ್ತದೆ. ಆಕ್ಸಿಲರೇಟರ್ ಚೂರು ಕೊಟ್ಟು, ಎರಡೂ ಕಾಲನ್ನು ಅಲ್ಲೇ ಇಟ್ಟುಕೊಂಡು ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಹಿಂದಕ್ಕೆ ಒಂದು ಬೆರಳೂ ಜಾರದೆ ಮೇಲೇರಿದರೆ ಕಲಿತಿರಿ ಎಂದು ಅರ್ಥ. ನನಗೆ ಒಂಬತ್ತು ದಿನ ಬೇಕಾಯಿತು. ಒದ್ದೆ ಫರಸಿಯ ಮೇಲೆ ಮಾಡಬೇಡಿ, ಗಾಲಿ ಸುತ್ತುತ್ತದೆ.

ಊರ ಹೊರಗಿನ ರಸ್ತೆಗೆ ಕೊನೆಯ ವಾರ ಹೋಗಿ. ಜೇವರ್ಗಿ ಮತ್ತು ಹುಮನಾಬಾದ್ ಕಡೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 50, ಅಲ್ಲಿ ಲಾರಿಗಳ ವೇಗ ಬೇರೆ. ಸೇಡಂ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳ ಸಾಲು. ಆಳಂದ, ಅಫಜಲಪುರದ ಕಡೆ ಕಬ್ಬಿನ ಕಾಲದಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು, ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಕತ್ತಲಾಗುವ ಮುಂಚೆ ಮನೆ ಸೇರಿ. ತೊಗರಿ ರಾಶಿಯ ದಿನಗಳಲ್ಲಿ ರಸ್ತೆಯ ಮೇಲೇ ಕಟಾವಾದ ಬೆಳೆ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಒಣ ಕಡ್ಡಿ ಕಾರಿನ ತಳದ ಬಿಸಿ ಕೊಳವೆಗೆ ಸುತ್ತಿಕೊಂಡರೆ ಬೆಂಕಿಯೇ ಹತ್ತುತ್ತದೆ. ಬದಿಯಲ್ಲಿ ಜಾಗ ಇದ್ದರೆ ಸುತ್ತಿ ಹೋಗಿ, ಇಲ್ಲದಿದ್ದರೆ ನಿಂತು ರೈತರನ್ನು ಕೇಳಿ, ಅವರೇ ಕೊಕ್ಕೆಯಿಂದ ಸರಿಸಿ ದಾರಿ ಮಾಡಿಕೊಡುತ್ತಾರೆ. ಹಳ್ಳಿ ಬಂತು ಎಂದರೆ ಬಣ್ಣ ಹಚ್ಚದ ವೇಗತಡೆ ಬಂತು ಎಂದೇ ತಿಳಿದು ಎರಡನೆಯ ಗೇರಿಗೆ ಇಳಿಯಿರಿ.

ಹಣದ ಮಾತು ಮೊದಲ ದಿನವೇ ಆಗಬೇಕು. ಪೆಟ್ರೋಲ್ ಕಲಿಯುವವರದ್ದು. ಗೆಳತಿಯ ಕಾರಾದರೆ ಗೀರು, ತಗ್ಗು ಏನಾದರೂ ಬಿದ್ದರೆ ಅದೂ ಕಲಿಯುವವರದ್ದು. ಹೇಳದೆ ಉಳಿದ ಲೆಕ್ಕ ಗೆಳೆತನವನ್ನು ಒಳಗೇ ತಿನ್ನುತ್ತದೆ. ಗೆಳತಿಯ ಮುಂಜಾನೆಗೆ ಬೆಲೆ ಕಟ್ಟಲಾಗದು, ಅಭ್ಯಾಸ ಮುಗಿದ ಮೇಲೆ ಸುಸಲಾ ಮಿರ್ಚಿ, ಚಹಾ ಕೊಡಿಸುವುದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪೊಪ್ಪಿನ ಮಾತು ಆ ಹೊತ್ತಿಗೆ, ಎಂಜಿನ್ ಬಂದ್ ಆದ ಮೇಲೆ. ಅಕ್ಕ ದಿನಕ್ಕೆ ಒಂದೇ ತಪ್ಪು ಹೇಳುತ್ತಿದ್ದರು. ಹತ್ತು ಕಂಡಿದ್ದರೂ ಒಂದೇ. ನಾನು ಅದನ್ನು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡು ಮರುದಿನ ಅದರಿಂದಲೇ ಶುರು ಮಾಡುತ್ತಿದ್ದೆ. ಗೆಳತಿ ಎಡಗಡೆ ಕೂತ ಮುಕ್ಕಾಲು ಗಂಟೆ ಮೊಬೈಲ್ ಮುಟ್ಟಬಾರದು. ದಣಿದ ದಿನ, ಮನೆಯಲ್ಲಿ ಜಗಳವಾದ ದಿನ, ನಿದ್ದೆಗೆಟ್ಟ ದಿನ ಇಬ್ಬರಲ್ಲಿ ಯಾರೇ ಆದರೂ "ಇಂದು ಬೇಡ" ಎನ್ನಬಹುದು, ಇನ್ನೊಬ್ಬರು ಕಾರಣ ಕೇಳಬಾರದು.

ಪರೀಕ್ಷೆಗೆ ಕಲಿತ ಕಾರನ್ನೇ ಒಯ್ಯಿರಿ, ನೋಂದಣಿ, ವಿಮೆ, ಹೊಗೆ ತಪಾಸಣೆಯ ಪತ್ರ ಎಲ್ಲ ಚಾಲ್ತಿಯಲ್ಲಿರಲಿ. ಕೈ ಸನ್ನೆಗಳನ್ನು ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳಿ. ಬಹಳ ಜನ ಮರೆಯುವುದು ಒಂದಿದೆ: ಆರ್‌ಟಿಒ ಕಚೇರಿಗೆ ಹೋಗುವಾಗಲೂ ನೀವು ಕಲಿಯುವವರೇ. ಎಲ್ ಬೋರ್ಡ್ ಇರಬೇಕು, ಗೆಳತಿ ಎಡಗಡೆ ಇರಬೇಕು. ಪಾಸಾಗಿ ಮರಳುವಾಗಲೂ ಅಷ್ಟೇ, ಲೈಸೆನ್ಸ್ ಮಂಜೂರಾಗುವ ತನಕ ಏನೂ ಬದಲಾಗಿಲ್ಲ. ನಾನು ಪಾಸಾದ ದಿನ ಅಕ್ಕ ಮನೆಯ ತನಕ ಒಂದು ಮಾತೂ ಆಡಲಿಲ್ಲ, ಬಲಗೈ ಎಂದಿನಂತೆ ಹ್ಯಾಂಡ್ ಬ್ರೇಕಿನ ಹತ್ತಿರ ಇತ್ತು. ಫರಸಿಯ ಏರು ಹತ್ತಿ, ಗೇಟಿನ ಒಳಗೆ ಕಾರು ನಿಲ್ಲಿಸಿ, ಕೀ ತಿರುಗಿಸಿದ ಮೇಲೆ ಕೈ ತೆಗೆದರು.